ಖಾಲಿ ಫಾರಮ್ಮಿಗೆ ನಾನು ಸಹಿ ಹಾಕಲ್ಲ

ಹದಿನೈದು ದಿನದಿಂದ ನಮ್ಮನೇಲಿ ಮಾತು ಕಮ್ಮಿ. ಊಟಕ್ಕೆ ಕೂತಾಗ "ಸಾರು ಹಾಕು", "ಮಜ್ಜಿಗೆ ಸಾಕು", ಅಷ್ಟೇ. ಎಂತ ಆಯ್ತೇ ಅಂತ ಮೇಲಿನಮನೆ ಅಕ್ಕ ಮೊನ್ನೆ ಕೇಳೇಬಿಟ್ರು. ನಾಳೆ ನೀವೂ ಕೇಳ್ತೀರಿ. ಒಬ್ಬೊಬ್ಬರಿಗೆ ಹೇಳೂದಕ್ಕಿಂತ ಎಲ್ಲರಿಗೂ ಒಟ್ಟಿಗೆ ಬರೆದುಬಿಡ್ತೀನಿ. ಕಾರಣ ನಮ್ಮ ಜೀಪು.

"ಇವಳು ಜೀಪು ಮಾರ್ಲಿಕ್ಕೆ ಬಿಡ್ತಾ ಇಲ್ಲ" ಅಂತ ಇವ್ರು ಸೊಸೈಟಿ ತನಕ ಹೇಳ್ಕಂಡು ಬಂದಿದ್ದಾರೆ. ಅದು ಸುಳ್ಳು. ಮಾರಿ ಅಂತ ಮೊದಲು ಹೇಳಿದವಳೇ ನಾನು. ಕೊಟ್ಟಿಗೆ ಪಕ್ಕ ನಿಂತೂ ನಿಂತೂ ಅದರ ಅಡಿಗೆ ಹೆಗ್ಗಣ ಬಿಲ ತೋಡಿದೆ. ನಾನು ಬೇಡ ಅಂದಿದ್ದು ಮಾರೂದನ್ನಲ್ಲ, ಇವ್ರು ಮಾರ್ಲಿಕ್ಕೆ ಹೊರಟ ರೀತಿಯನ್ನ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ನಮ್ಮದು ಮಹೀಂದ್ರ ಎಂಎಂ 540, 1996ರ ಗಾಡಿ. 2003ರಲ್ಲಿ ಎರಡನೇ ಕೈಯಲ್ಲಿ ತಗಂಡಿದ್ದು. ಆಗ ಜೋಯಿಸರು ಜಾತಕ ನೋಡಿ, "ವಾಹನ ಯಜಮಾನರ ಹೆಸರಿಗೆ ಆಗಿಬರಲ್ಲ, ಅಮ್ಮನ ಹೆಸರಲ್ಲಿ ಮಾಡಿ" ಅಂದ್ರು. ಹಂಗಾಗಿ ಆರ್‌ಸಿಯಲ್ಲಿ ನನ್ನ ಹೆಸರು. ಇಪ್ಪತ್ತು ವರ್ಷದ ಮೇಲಾಯ್ತು, ನಾನು ಒಂದು ದಿನ ಅದರ ಸ್ಟೇರಿಂಗ್ ಮುಟ್ಟಿದವಳಲ್ಲ. ಆದ್ರೆ ಸರ್ಕಾರದ ಲೆಕ್ಕದಲ್ಲಿ ಓನರ್ ನಾನೇ.

ಜೀಪಿನ ಮೇಲೆ ನನಗೆ ಸಿಟ್ಟಿಲ್ಲ. ಮಳೆಗಾಲದಲ್ಲಿ ನಮ್ಮನೆ ಏರು ಹತ್ತಿ ಬರ್ತಿದ್ದದ್ದು ಅದೊಂದೇ. ಅಡಿಕೆ ಮೂಟೆ, ಗೊಬ್ಬರ, ಮದುವೆ ಮನೆ ಪಾತ್ರೆ, ಎಲ್ಲ ಹೊತ್ತಿದೆ. ಆಷಾಢದ ಒಂದು ರಾತ್ರಿ ಮಾವನಿಗೆ ಎದೆನೋವು ಬಂದಾಗ, ನಾಲ್ಕೂ ಚಕ್ರ ತಿರುಗಿಸ್ಕಂಡು ಮೊಣಕಾಲುದ್ದ ಕೆಸರಲ್ಲಿ ಇಳಿದು ಅವರನ್ನ ಕೊಪ್ಪಕ್ಕೆ ಮುಟ್ಟಿಸಿದ್ದು ಅದೇ ಜೀಪು. ಮಾವ ಆಮೇಲೆ ಆರು ವರ್ಷ ಬದುಕಿದ್ರು. ನಾನು ಅದಕ್ಕೆ ಆಯುಧಪೂಜೆಯಲ್ಲಿ ಕುಂಕುಮ ಹಚ್ಚಿದ್ದು ಬರೀ ಶಾಸ್ತ್ರಕ್ಕಲ್ಲ.

2021ರಲ್ಲಿ ಅದರ ರಿಜಿಸ್ಟ್ರೇಷನ್ ಇನ್ನೊಂದು ಸಲ ರಿನೀವಲ್ ಆಯ್ತು. ಹದಿನೈದು ವರ್ಷ ಕಳೆದ ಗಾಡಿಗೆ ಐದೈದು ವರ್ಷಕ್ಕೆ ಮಾಡಿಸ್ಬೇಕಲ್ಲ, ಹಂಗೆ. ಆಗ ಕೊರೊನಾ. ಮಗ ಬೆಂಗಳೂರಿಂದ ಲ್ಯಾಪ್‌ಟಾಪ್ ಹಿಡ್ಕಂಡು ಮನೆಗೆ ಬಂದ. ಸಂಜೆ ಹೊತ್ತು ಹೋಗ್ಬೇಕಲ್ಲ, ಜೀಪಿಗೆ ಕೈ ಹಚ್ಚಿದ. ಮೊದಲು ಮುಂದೆ ಕಬ್ಬಿಣದ ದೊಡ್ಡ ಗಾರ್ಡ್ ಬಂತು. ಆಮೇಲೆ ಎಳೆಯುವ ವಿಂಚು. ಆಮೇಲೆ ಟ್ರ್ಯಾಕ್ಟರಿನದ್ದಾ ಅನ್ನಿಸುವಂಥ ಟೈರು, ಆ ಟೈರು ಹಿಡಿಸ್ಲಿಕ್ಕೆ ಬಾಡಿಯನ್ನೇ ಎತ್ತರಿಸಿದ್ದು, ತಲೆ ಮೇಲೆ ಸಾಲು ಲೈಟು. ಕೊನೆಗೆ ಕಂಪನಿಯಿಂದ ಬಂದಿದ್ದ ಪ್ಯೂಜೊ ಡೀಸೆಲ್ ಎಂಜಿನ್ ಇಳಿಸಿ ಬೊಲೆರೊದ ಟರ್ಬೊ ಎಂಜಿನ್ ಕೂರಿಸಿದ್ರು. ಒಟ್ಟು ಮೂರೂವರೆ ಲಕ್ಷ. ನಾಲ್ಕು ಸಲ ಗುಡ್ಡ ಹತ್ತಿಸಿ ವಿಡಿಯೋ ಮಾಡಿದ್ರು. ಆಫೀಸಿನವರು ವಾಪಸ್ ಕರೆದ್ರು, ಮಗ ಹೋದ. ಜೀಪು ಕೊಟ್ಟಿಗೆ ಪಕ್ಕ ನಿಂತಿತು.

ಈಗ ಬ್ರೋಕರ್ ಬಂದ. ಚಾ ಕುಡಿದ. ಜೀಪು ಸುತ್ತಿ ನೋಡಿ "ಗಾಡಿ ರೆಡಿ ಇದೆ ಯಜಮಾನ್ರೇ, ಮಾಂದಲಪಟ್ಟಿ ಕಡೆ ಒಬ್ಬರಿಗೆ ಬೇಕು, ಟೂರಿಸ್ಟ್ ಹತ್ತಿಸ್ಲಿಕ್ಕೆ" ಅಂದ. ಬ್ಯಾಗಿಂದ ಎರಡು ಕಾಗದ ತೆಗೆದ. ಫಾರಂ 29, ಫಾರಂ 30. ಎರಡೂ ಖಾಲಿ. "ಅಮ್ಮನ ಹತ್ರ ಸಹಿ ಹಾಕಿಸ್ಕೊಡಿ. ತಾರೀಖು, ಹೆಸರು ಎಂತದೂ ಬೇಡ. ಮುಂದಿನದ್ದು ನಾವು ನೋಡ್ಕಂತೀವಿ."

ಇವ್ರು ಪೆನ್ನು ತಂದು ನನ್ನ ಕೈಗೆ ಕೊಟ್ರು. ಗೋಧಿಹಿಟ್ಟು ಮೆತ್ತಿದ ಕೈ ನನ್ನದು. "ಕೈ ತೊಳ್ಕಂಡು ಬರ್ತೀನಿ" ಅಂತ ಒಳಗೆ ಹೋದವಳು ನಮ್ಮ ತಂಗಿ ಮಗಳಿಗೆ ಫೋನ್ ಮಾಡಿದೆ. ಅವಳು ಕಾನೂನು ಓದಿದವಳು. "ದೊಡ್ಡಮ್ಮ, ಸಹಿ ಹಾಕ್ಬೇಡಿ" ಅಂದ್ಳು. ನಾನು ಹಾಕ್ಲಿಲ್ಲ. ಅಲ್ಲಿಂದ ಶುರು ಈ ಮೌನವ್ರತ.

ಅವಳು ಹೇಳಿದ್ದನ್ನ ನನ್ನ ಮಾತಲ್ಲಿ ಹೇಳ್ತೀನಿ, ಕಿವಿ ಕೊಟ್ಟು ಕೇಳಿ. ಗಾಡಿ ಮಾರಿದ್ರೆ ಮಾರಿದವರು 14 ದಿನದೊಳಗೆ, ತಗಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸ್ಬೇಕು ಅಂತ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. ತಿಳಿಸದೆ ಬಿಟ್ರೆ ದುಡ್ಡು ಯಾರ ಜೇಬಿಗೆ ಹೋಗಿದ್ರೂ ಗಾಡಿ ನಿಮ್ಮದೇ. ಯಾರ ಹೆಸರಲ್ಲಿ ರಿಜಿಸ್ಟರ್ ಆಗಿದೆಯೋ ಅವರೇ ಓನರ್ ಅಂತ ಕಾಯ್ದೆ ಹೇಳ್ತದೆ. 2018ರಲ್ಲಿ ಸುಪ್ರೀಂ ಕೋರ್ಟಿಗೆ ಇಂಥದ್ದೇ ಒಂದು ಕೇಸು ಹೋಗಿತ್ತು. ಒಂದು ಕಾರು ಕೈಯಿಂದ ಕೈಗೆ ಮಾರಾಟ ಆಗ್ತಾ ಹೋಗಿತ್ತು, ಆರ್‌ಸಿ ಮಾತ್ರ ಮೊದಲು ಮಾರಿದವರ ಹೆಸರಲ್ಲೇ ಕೂತಿತ್ತು. 2009ರಲ್ಲಿ ಅಪಘಾತ ಆಗಿ ಜೀವ ಹೋಯ್ತು. ಪರಿಹಾರದ ಹೊಣೆ ಯಾರದ್ದು? ಆರ್‌ಸಿಯಲ್ಲಿ ಹೆಸರಿದ್ದವರದ್ದೇ ಅಂತ ತೀರ್ಪಾಯ್ತು. "ನಾನು ಯಾವತ್ತೋ ಮಾರಿದೀನಿ" ಅಂದಿದ್ದು ನಡೀಲಿಲ್ಲ.

ಈಗ ನಮ್ಮ ಜೀಪನ್ನೇ ನೆನೆಸ್ಕಳಿ. ಮನೆ ಗಾಡಿಯ ಬಿಳಿ ಬೋರ್ಡಿನ ಮೇಲೆ ಬಾಡಿಗೆಗೆ ಎಂಟು ಜನ ಹುಡುಗರನ್ನ ನಿಲ್ಲಿಸ್ಕಂಡು ಮಂಜಲ್ಲಿ ಗುಡ್ಡ ಹತ್ತುವ ಗಾಡಿ. ಎಲ್ಲೋ ಒಂದು ತಿರುವಲ್ಲಿ ಮಗುಚಿದ್ರೆ ಪೊಲೀಸರು ಮೊದಲು ಹುಡುಕೂದು ಯಾರನ್ನ? ಬ್ರೋಕರನ್ನ ಅಲ್ಲ. ನಮ್ಮನೆಯವರನ್ನೂ ಅಲ್ಲ. ನನ್ನನ್ನ. ಮಕ್ಕಳನ್ನ ಕಳಕೊಂಡ ತಾಯಂದಿರ ಎದುರು ಕೋರ್ಟಲ್ಲಿ ನಿಲ್ಲೂದು, ಸ್ಟೇರಿಂಗ್ ಮುಟ್ಟದ ನಾನು.

"ಹಳೇ ಜೀಪಿಗೆ ಯಾರು ಹೆಸರು ಬದಲಾಯಿಸ್ತಾರೆ, ಊರಲ್ಲಿ ಎಲ್ಲರೂ ಹಿಂಗೇ ಮಾರೂದು" ಅಂತ ಇವ್ರ ವಾದ. ಹೌದು, ಎಲ್ಲರೂ ಹಿಂಗೇ ಮಾರ್ತಾರೆ. ಎಂತಕ್ಕೆ ಹೇಳಿ? ಹೆಸರು ಬದಲಾಯಿಸ್ಲಿಕ್ಕೆ ಹೋದ್ರೆ ಇನ್ಸ್‌ಪೆಕ್ಟರು ಬಾನೆಟ್ ಎತ್ತಿ ಎಂಜಿನ್ ನಂಬರ್ ನೋಡ್ತಾರೆ. ಆರ್‌ಸಿಯಲ್ಲಿ ಒಂದು, ಒಳಗೆ ಒಂದು. ಸಿಕ್ಕಿಬೀಳ್ತಾರೆ. ಅದಕ್ಕೇ ಖಾಲಿ ಫಾರಂ. ಕಂಪನಿಯಿಂದ ಬಂದ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರುವ ಹಾಂಗೆ ಬದಲಾಯಿಸಬಾರದು ಅಂತ ಕಾಯ್ದೆಯ 52ನೇ ಕಲಮು ಹೇಳ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ಬಂದು, ಹಂಗೆ ಮಾಡಿದ ಓನರಿಗೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲ 6 ತಿಂಗಳ ತನಕ ಜೈಲು, ಇಲ್ಲ ಎರಡೂ. ಮುಂದಿನ ಕಬ್ಬಿಣದ ಗಾರ್ಡಿನ ಮೇಲೆ ಕ್ರಮ ತಗಳಿ ಅಂತ ಕೇಂದ್ರದವರು 2017ರ ಡಿಸೆಂಬರಲ್ಲೇ ರಾಜ್ಯಗಳಿಗೆ ಬರೆದಿದ್ರು. ಇಲ್ಲೂ "ಓನರ್" ಅಂದ್ರೆ ಯಾರು ಅಂತ ಮತ್ತೆ ಹೇಳ್ಬೇಕಾಗಿಲ್ಲ.

ನಮ್ಮ ಜೀಪಿನ ರಿನೀವಲ್ಲು 2026ಕ್ಕೆ ಮುಗಿಯೂದು. ಅಷ್ಟರೊಳಗೆ ಕೈ ದಾಟಿಸಿಬಿಡೂದು ಅಂತ ಇವ್ರ ಲೆಕ್ಕ. ಕೈ ದಾಟಿಸೂದು ಅಂದ್ರೆ ನಮ್ಮ ತಲೆನೋವನ್ನ ಇನ್ನೊಬ್ಬರ ತಲೆಗೆ ಕಟ್ಟೂದು, ಬೇರೆ ಎಂತದೂ ಅಲ್ಲ.

ದುಡ್ಡಿನ ಮಾತಿಗೆ ಬರ್ತೀನಿ. "ಮೂರೂವರೆ ಲಕ್ಷ ಹಾಕಿದೀನಮ್ಮ, ಅದನ್ನ ರೇಟಿಗೆ ಸೇರಿಸ್ಬೇಕಲ್ಲ" ಅಂತ ಮಗ ಫೋನಲ್ಲಿ. ಯಾಕಪ್ಪ ಸೇರಿಸ್ಬೇಕು? ನೀನು ಹಾಕಿದ್ದು ನಿನ್ನ ಖುಷಿಗೆ, ಆ ಖುಷಿ ನೀನು ಉಂಡಾಯ್ತು. ನಾನು ನಾಲ್ಕು ಸಾವಿರ ಕೊಟ್ಟು ಸೀರೆಗೆ ಕುಸುರಿ ಮಾಡಿಸಿ, ಅದೇ ಸೀರೆ ಹಳತಾದ ಮೇಲೆ ಪಾತ್ರೆಯವಳ ಹತ್ರ ಕುಸುರಿಗೆ ಬೇರೆ ರೇಟು ಕೇಳಿದ್ರೆ ಅವಳು ನಗ್ತಾಳೆ. ಇಲ್ಲಿ ನಗುವ ಹಾಂಗೂ ಇಲ್ಲ. ತಗಂಡವನಿಗೆ ಆ ಮೂರೂವರೆ ಲಕ್ಷ ಆಸ್ತಿ ಅಲ್ಲ, ಸಾಲ. ನಾಳೆ ಫಿಟ್ನೆಸ್ಸಿಗೆ ಹೋದಾಗ ಅವನೇ ಎಲ್ಲ ಬಿಚ್ಚಿಸ್ಬೇಕು. ಅಪಘಾತ ಆದ್ರೆ ಇನ್ಶೂರೆನ್ಸಿನವರಿಗೆ ತಕರಾರು ತೆಗೀಲಿಕ್ಕೆ ಒಳ್ಳೇ ಕಾರಣ ಸಿಗ್ತದೆ.

ಇನ್ನು ಜೀವದ ಮಾತು. ಆ ಟೈರು ಹಾಕಿದ ಮೇಲೆ ಮಗ ನನ್ನನ್ನ ಒಂದು ಸಲ ಆಗುಂಬೆ ಘಾಟಿ ಇಳಿಸಿದ್ದ. ಹದಿನಾಲ್ಕು ತಿರುವು. ಒಂದೊಂದು ತಿರುವಲ್ಲೂ ಜೀಪು ಹೊರಗಡೆಗೆ ವಾಲಿದ್ದು ನನ್ನ ಹೊಟ್ಟೆಗೆ ಗೊತ್ತಾಯ್ತು. ಗಾಡಿ ಎತ್ತರ ಆದಷ್ಟೂ ಮಗುಚೂದು ಸಲೀಸು, ತುಂಬಿದ ಕೊಡ ತಲೆ ಮೇಲಿಟ್ಟು ನಡೆದವರಿಗೆ ಇದನ್ನ ಯಾರೂ ಕಲಿಸ್ಬೇಕಾಗಿಲ್ಲ. ಟೈರು ದೊಡ್ಡದಾಗಿ ಭಾರ ಆಯ್ತು, ಬ್ರೇಕು ಮಾತ್ರ ಹಳೇದೇ. ಮೊದಲು ನಿಲ್ತಿದ್ದ ಜಾಗದಲ್ಲಿ ನಿಲ್ಲಲ್ಲ. ಟೈರು ದೊಡ್ಡದಾದ್ರೆ ಮೀಟರೂ ಸುಳ್ಳು ಹೇಳ್ತದಂತೆ, ನಲವತ್ತು ಅಂತ ತೋರಿಸಿದಾಗ ಗಾಡಿ ಅದಕ್ಕಿಂತ ಜೋರಾಗೇ ಓಡ್ತಿರ್ತದೆ. ಇದನ್ನೆಲ್ಲ ನಮ್ಮ ಮಗ ತಿಳಿದು ಓಡಿಸ್ತಿದ್ದ. ಕೊಳ್ಳುವ ಹುಡುಗನಿಗೆ ಯಾರು ಹೇಳೂದು? "ಅವನು ಕೇಳಿದ್ರೆ ಹೇಳುವ" ಅಂತಾರೆ ಇವ್ರು.

ನಮ್ಮತ್ತೆ ಹಸು ಮಾರೂದನ್ನ ನೀವೂ ನೋಡಿದೀರಿ. ಕೊಳ್ಳುವವನು ಕೇಳುವ ಮೊದಲೇ, "ಹಿಂದಿನ ಎಡಗಡೆ ಮೊಲೆ ಕಲ್ಲಾಗಿದೆ. ಹೊಸಬರು ಹೋದ್ರೆ ಒದೀತದೆ. ಹಿಂಡಿ ಕೊಟ್ಟರೇ ಸೊರೆ ಬಿಡೂದು" ಅಂತ ಒಂದೊಂದೇ ಹೇಳೋರು. ಮಾವ ಒಳಗಿಂದ ಕೆಮ್ಮಿ ಸನ್ನೆ ಮಾಡಿದ್ರೂ ಬಿಡ್ತಿರಲಿಲ್ಲ. ಐನೂರು ರೂಪಾಯಿ ಕಮ್ಮಿ ಆಗೂದು. ಆದ್ರೆ "ಮೋಸ ಮಾಡಿದ್ರಿ" ಅಂತ ಒಬ್ಬರೂ ನಮ್ಮ ದಣಪೆ ದಾಟಿ ಬಂದಿಲ್ಲ. ಒದೆಯುವ ಹಸುವಿಗೆ ಹೇಳಿ ಮಾರಿದ ಮನೆ, ಮಗುಚುವ ಜೀಪನ್ನ ಹೇಳದೆ ಮಾರ್ಬೇಕಾ?

"ಈ ಕಾನೂನೆಲ್ಲ ಪೇಟೆ ರಸ್ತೆಗೆ ಮಾಡಿದ್ದು, ಮಲೆನಾಡಲ್ಲಿ ಜೀಪಿಗೆ ಸ್ವಲ್ಪ ಎಂತಾದ್ರೂ ಮಾಡ್ಲೇಬೇಕು" ಅಂತ ಮೈದುನ ಹೇಳಿದ. ಅದರಲ್ಲಿ ಅರ್ಧ ನಿಜ ಅಂತ ಒಪ್ಕಂತೀನಿ. ಮಳೆಗೆ ಟಾರ್ಪಾಲಿನ ಪರದೆ ನಾವೂ ಹಾಕಿಸಿದ್ವಿ, ಸೀರೆ ಉಟ್ಟವರು ಹತ್ಲಿಕ್ಕೆ ಅಂತ ಮಾವ ಒಂದು ಕಬ್ಬಿಣದ ಮೆಟ್ಟಿಲು ಹಾಕಿಸಿದ್ರು. ಅದು ಅಗತ್ಯ. ಆದ್ರೆ ಅಗತ್ಯ ಬೇರೆ, ಶೋಕಿ ಬೇರೆ. ಮಾವನನ್ನ ಆ ರಾತ್ರಿ ಕೊಪ್ಪಕ್ಕೆ ಮುಟ್ಟಿಸಿದ್ದು ಹಳೇ ಎಂಜಿನ್ನು, ಹಳೇ ಟೈರು. ಸಾಲು ಲೈಟೂ ಇರಲಿಲ್ಲ, ವಿಂಚೂ ಇರಲಿಲ್ಲ.

ಹಂಗಾದ್ರೆ ಎಂತ ಮಾಡೂದು ಅಂತ ಕೇಳ್ತೀರಿ. ನಾನು ಬರೀ ಬೇಡ ಅಂದು ಕೂತವಳಲ್ಲ, ಕ್ಯಾಲೆಂಡರ್ ಹಿಂದೆ ಬರೆದು ಊಟದ ಮೇಜಿನ ಮೇಲೆ ಇಟ್ಟಿದೀನಿ. ಹಳೇ ಎಂಜಿನ್ ಅಡಿಕೆ ಸುಲಿಯುವ ಮನೆ ಮೂಲೆಯಲ್ಲಿ ಗೋಣಿ ಹೊದ್ಕಂಡು ಕೂತಿದೆ. ಅದನ್ನ ರಿಪೇರಿ ಮಾಡಿಸಿ ವಾಪಸ್ ಕೂರಿಸಿ, ಆಗ ನಂಬರು ಆರ್‌ಸಿಗೆ ಸರಿಹೋಗ್ತದೆ. ಟೈರು, ಗಾರ್ಡು, ಲೈಟು ಬಿಚ್ಚಿ ಮೊದಲಿನ ಎತ್ತರಕ್ಕೆ ಇಳಿಸಿ. ವಿಂಚು, ಟೈರು, ಟರ್ಬೊ ಎಂಜಿನ್ ಬಿಲ್ಲಿನ ಜೊತೆ ಬೇರೆಬೇರೆ ಮಾರಿ, ಮಗನ ದುಡ್ಡು ಒಂದಷ್ಟು ಅಲ್ಲೇ ಬರ್ತದೆ. ಚಾಸಿಗೆ ಎಲ್ಲೆಲ್ಲಿ ವೆಲ್ಡಿಂಗ್ ಮಾಡಿದ್ದು, ಎಲ್ಲಿ ತುಕ್ಕು ತಿಂದಿದೆ, ಯಾವ ಗೇರು ಹಾರ್ತದೆ, ಎಲ್ಲ ಒಂದು ಹಾಳೆಯಲ್ಲಿ ಬರೆದು ಕೊಳ್ಳುವವರ ಕೈಗೆ ಕೊಡಿ. ಕೊಳ್ಳುವವರು ನಮ್ಮ ಜೊತೆ ಆರ್‌ಟಿಒಗೆ ಬರ್ಲಿ. ಅವರ ಹೆಸರು, ವಿಳಾಸ, ತಾರೀಖು ತುಂಬಿದ ಫಾರಮ್ಮಿಗೆ, ಅವರ ಎದುರೇ ನಾನು ಸಹಿ ಹಾಕ್ತೀನಿ. ಹೊಸ ಆರ್‌ಸಿ ಅವರ ಹೆಸರಿಗೆ ಬಂದಿದ್ದನ್ನ ನೋಡಿದ ಮೇಲೇ ನನಗೆ ನಿದ್ದೆ.

ಇದರಿಂದ ಲಕ್ಷದ ಮೇಲೆ ಕಮ್ಮಿ ಸಿಗ್ತದೆ ಅಂತ ಗೊತ್ತು. ಲಕ್ಷ ನಮಗೆ ಸಣ್ಣದಲ್ಲ, ಈ ಸಲ ಕೊಳೆ ರೋಗಕ್ಕೆ ಅರ್ಧ ಅಡಿಕೆ ಉದುರಿದೆ. ಅದನ್ನೂ ಲೆಕ್ಕ ಹಾಕೇ ಹೇಳ್ತಿದೀನಿ. "ಹೆಂಗಸರು ಮಧ್ಯ ಬಂದ್ರೆ ವ್ಯಾಪಾರ ಕೆಡ್ತದೆ" ಅಂತ ಬ್ರೋಕರ್ ಅಂಗಳದಲ್ಲೇ ಹೇಳಿ ಹೋದ. ಮಧ್ಯ ನಾನು ಬಂದವಳಲ್ಲ ಮಾರಾಯ, ಇಪ್ಪತ್ತು ವರ್ಷದ ಹಿಂದೆ ನನ್ನನ್ನ ಕೇಳದೆ ಅಲ್ಲಿ ಕೂರಿಸಿದ್ದು ನೀವೇ.

ನಿನ್ನೆ ಸಂಜೆ ಇವ್ರು ಬಾಗಿಲಲ್ಲಿ ನಿಂತು, "ಆ ಹಳೇ ಎಂಜಿನ್ನಿನ ಬೋಲ್ಟು ಹಾಕಿದ ಡಬ್ಬಿ ಎಲ್ಲಿ ಇಟ್ಟಿದೀಯ?" ಅಂತ ಕೇಳಿದ್ರು. ಅಟ್ಟದ ಮೇಲೆ, ಉಪ್ಪಿನಕಾಯಿ ಭರಣಿ ಪಕ್ಕ ಅಂದೆ. ಮುಂದೆ ಎಂತ ಆಗ್ತದೋ ನೋಡುವ.

ನೀವು ಮಾತ್ರ ಒಂದು ಕೆಲಸ ಮಾಡಿ. ಇವತ್ತು ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಬೀರು ತೆಗೆದು, ಮನೆಯ ಯಾವ್ಯಾವ ಗಾಡಿ ನಿಮ್ಮ ಹೆಸರಲ್ಲಿದೆ ನೋಡಿ. ಸ್ಕೂಟಿ, ಪಿಕಪ್ಪು, ಜೀಪು, ಯಾವುದಾದ್ರೂ ಸರಿ. ಯಾವತ್ತೋ ಮಾರಿಹೋದ ಗಾಡಿಯ ಆರ್‌ಸಿ ಕಾಪಿ ಇನ್ನೂ ಅಲ್ಲಿದ್ರೆ, ಹೆಸರು ಬದಲಾಗಿದ್ಯಾ ಅಂತ ಆರ್‌ಟಿಒದಲ್ಲಿ ವಿಚಾರಿಸಿ, ಮಕ್ಕಳಿದ್ರೆ ಪರಿವಾಹನ್ ವೆಬ್‌ಸೈಟಲ್ಲಿ ನೋಡ್ಲಿಕ್ಕೆ ಹೇಳಿ. ಖಾಲಿ ಫಾರಂ ಹಿಡ್ಕಂಡು ಯಾರಾದ್ರೂ ಬಂದ್ರೆ, ಗಂಡ ಆಗ್ಲಿ, ಮಗ ಆಗ್ಲಿ, ಕೈಯಲ್ಲಿ ಹಿಟ್ಟಿದೆ ಅಂತ ಹೇಳಿ ಒಳಗೆ ಹೋಗಿ.