ತಮಿಳು ಗಂಟೆ: ಅಕ್ಷರ ಓದಿದ್ದಾಯಿತು, ಲೋಹದ ಮಾತೇನು?

ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನ ಟೆ ಪಾಪಾ ವಸ್ತುಸಂಗ್ರಹಾಲಯದಲ್ಲಿ ಒಡೆದ ಕಂಚಿನ ಗಂಟೆಯೊಂದಿದೆ. ಅಳೆದರೆ ಒಂದು ಗೇಣೂ ಆಗದು. ಸುತ್ತ ತಮಿಳು ಅಕ್ಷರಗಳು: ಮೊಹಿದೀನ್ ಬಕ್ಷ್ ಎಂಬಾತನ ಹಡಗಿನ ಗಂಟೆ ಇದು ಎಂದು ಬರಹ. ಲೋಹವನ್ನೇ ಕಾಣದಿದ್ದ ಮಾವೋರಿಗಳ ನಾಡಿಗೆ ತಮಿಳು ಗಂಟೆ ಹೇಗೆ ಬಂತು ಎಂಬ ಪ್ರಶ್ನೆಗೆ ಈಗ ಹೆಚ್ಚುಕಡಿಮೆ 190 ವರ್ಷ.

1836ರ ಸುಮಾರಿಗೆ ಇದು ವಿಲಿಯಂ ಕೊಲೆನ್ಸೊ ಕಣ್ಣಿಗೆ ಬಿತ್ತು. ಆತ ಪೈಹಿಯಾದ ಮಿಷನ್ ಮುದ್ರಕ. ಮರುವರ್ಷ ಮಾವೋರಿ ಭಾಷೆಯಲ್ಲಿ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿದವ. ಉತ್ತರ ಭಾಗದ ಫಂಗರೈ ಸೀಮೆಯಲ್ಲಿ ಮಾವೋರಿ ಹೆಂಗಸರು ಇದರಲ್ಲಿ ಆಲೂಗಡ್ಡೆ ಬೇಯಿಸುತ್ತಿದ್ದರು. ಬಿರುಗಾಳಿಗೆ ದೊಡ್ಡ ಮರ ಉರುಳಿದಾಗ ಬೇರಿನಡಿ ಸಿಕ್ಕಿತು ಎಂದು ಅವರು ಹೇಳಿದರು. ಕೊಲೆನ್ಸೊ ಕಬ್ಬಿಣದ ಪಾತ್ರೆ ಕೊಟ್ಟು ಗಂಟೆ ಪಡೆದ. ಆ ಹೆಂಗಸರಿಗೇನೂ ನಷ್ಟವಾಗಲಿಲ್ಲ ಅನ್ನಿ. 1899ರಲ್ಲಿ ಆತ ತೀರಿಕೊಂಡ ಮೇಲೆ ಅವನ ಇಚ್ಛೆಯಂತೆ ಅದು ವಸ್ತುಸಂಗ್ರಹಾಲಯ ಸೇರಿತು.

ಅಲ್ಲಿಂದೀಚೆಗೆ ನಡೆದದ್ದೆಲ್ಲ ಬಹುಮಟ್ಟಿಗೆ ಅಕ್ಷರದ ಜಗಳ. ಲಿಪಿಯಲ್ಲಿ ಹಳೆಯ ರೂಪಗಳನ್ನು ಕಂಡವರು 500 ವರ್ಷ ಹಿಂದಿನದೆಂದರು. ಬೇರೆಯವರು 17–18ನೇ ಶತಮಾನಕ್ಕೆ ಇಳಿಸಿದರು. 1975ರಲ್ಲಿ ಲೇಖಕ ರಾಬರ್ಟ್ ಲ್ಯಾಂಗ್ಡನ್ ಕಳೆದುಹೋದ ಸ್ಪೇನಿನ ಹಡಗೊಂದರ ಕಥೆಗೆ ಇದನ್ನು ಜೋಡಿಸಿದರು. ಇತ್ತ ಭಾರತದಲ್ಲಿ, ಬ್ರಿಟಿಷ್ ನಾವಿಕ ಕುಕ್‌ಗಿಂತ ಮುಂಚೆ ತಮಿಳರೇ ಅಲ್ಲಿಗೆ ಹೋಗಿದ್ದರು ಎಂಬ ಮಾತಿಗೆ ಯಾವಾಗಲೂ ಗಿರಾಕಿಗಳುಂಟು.

ಲೋಹವನ್ನು ಸಾಕ್ಷಿಗೆ ಕರೆದರೆ ಅದು ಏನು ಹೇಳಬಲ್ಲದು? ತಾಮ್ರಕ್ಕೆ ತವರ ಬೆರೆತರೆ ಕಂಚು. ಎಷ್ಟು ಬೆರೆತಿದೆ ಎಂಬುದರಲ್ಲೇ ಎರಕ ಹೊಯ್ದವನ ಉದ್ದೇಶ ಕಾಣುತ್ತದೆ. ನಾದ ಬೇಕಾದ ಗಂಟೆಗೆ ನೂರಕ್ಕೆ ಇಪ್ಪತ್ತು ಪಾಲಿನ ಆಸುಪಾಸು ತವರ ಹಾಕುತ್ತಾರೆ. ನಾದ ಸೊಗಸಾಗುತ್ತದೆ, ಆದರೆ ಪೆಟ್ಟು ಬಿದ್ದರೆ ಒಡೆಯುತ್ತದೆ. ಚೋಳರ ವಿಗ್ರಹಗಳಲ್ಲಿ ತವರ ಸಾಮಾನ್ಯವಾಗಿ ಹತ್ತು ಪಾಲಿಗಿಂತ ಕಡಿಮೆ. ಜೊತೆಗೆ ಸೀಸ, ಎರಕ ಅಚ್ಚಿನ ಮೂಲೆಮೂಲೆಗೂ ಹರಿಯಲೆಂದು. ಆ ಸೀಸದ ಐಸೋಟೋಪುಗಳ ಅನುಪಾತ ಅದಿರಿನ ಗಣಿಯ ಗುರುತು ಕೊಡುತ್ತದೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ಹೀಗೆಯೇ ದಕ್ಷಿಣ ಭಾರತದ ನೂರಕ್ಕೂ ಹೆಚ್ಚು ಲೋಹವಿಗ್ರಹಗಳನ್ನು ಪರೀಕ್ಷಿಸಿ, ಅವುಗಳ ಕಾಲ ವಿಂಗಡಿಸಲು ಹೊಸ ದಾರಿ ತೋರಿಸಿದರು. ಅಂದರೆ ಈ ಗಂಟೆಯ ಲೋಹವನ್ನು ಹೋಲಿಸಿ ನೋಡಲು ಬೇಕಾದ ಅಳತೆಗಳು ನಮ್ಮೂರಿನ ಸಂಶೋಧನೆಯಲ್ಲೇ ಇವೆ.

ಹಾಗೆಂದು ಯಂತ್ರ ಮುಟ್ಟಿಸಿದ ಕೂಡಲೇ ಸತ್ಯ ಹೊರಬೀಳುವುದಿಲ್ಲ. ಮಣ್ಣಿನಲ್ಲಿ ಬಹುಕಾಲ ಹೂತ ಕಂಚಿನ ಮೇಲ್ಮೈಯಿಂದ ತಾಮ್ರ ಕರಗಿಹೋಗಿ ತವರ ಹೆಚ್ಚಿದಂತೆ ಕಾಣುತ್ತದೆ. ಎಕ್ಸ್-ರೇ ಗನ್ ಓದುವುದು ಆ ತೆಳು ಪದರವನ್ನಷ್ಟೇ. ಒಳಗಿನ ಲೋಹ ಬೇಕೆಂದರೆ ಚೂರು ಕೆರೆಯಬೇಕು. ಅದಕ್ಕೆ ಯಾವ ಸಂಗ್ರಹಾಲಯ ಸುಲಭವಾಗಿ ಒಪ್ಪೀತು? ಇನ್ನೊಂದು ತೊಡಕು ಗುಜರಿ. ಹಳೆಯದನ್ನು ಕರಗಿಸಿ ಹೊಸದನ್ನು ಎರೆಯುವ ಕಡೆ ಹತ್ತು ಗಣಿಗಳ ಸೀಸ ಒಂದೇ ಮೂಸೆಯಲ್ಲಿ ಬೆರೆತು ಗುರುತು ಅಳಿಸುತ್ತದೆ. ಬಂದರುಗಳ ಕಂಚುಗಾರರೂ ಗುಜರಿ ಬಿಟ್ಟವರಲ್ಲ.

ಇದಕ್ಕಿಂತ ದೊಡ್ಡ ಮಿತಿ ಬೇರೆಯೇ ಇದೆ. ಗಂಟೆಯನ್ನು ಎಲ್ಲಿ ಹೊಯ್ದರು, ಯಾವ ಬಗೆಯ ಲೋಹದಿಂದ ಹೊಯ್ದರು ಎಂದು ಪ್ರಯೋಗಾಲಯ ಹೇಳೀತು. ನ್ಯೂಜಿಲೆಂಡಿನ ದಡಕ್ಕೆ ಯಾವಾಗ ಬಂತು ಎಂದು ಎಂದಿಗೂ ಹೇಳದು. 1600ರ ಗಂಟೆ 1800ರ ಹಡಗಿನಲ್ಲಿ ಬರಬಹುದು.

ಆ ಹಡಗುಗಳ ದಾಖಲೆಯೇನೂ ಕಡಿಮೆ ಇಲ್ಲ. ಫ್ರೆಂಚ್ ನಾವಿಕ ಸುರ್ವಿಲ್‌ನ ಹಡಗು ಪಾಂಡಿಚೇರಿಯಿಂದ ಹೊರಟು 1769ರ ಡಿಸೆಂಬರಿನಲ್ಲಿ ಇದೇ ಉತ್ತರ ತುದಿಯ ಡೌಟ್‌ಲೆಸ್ ಕೊಲ್ಲಿಯಲ್ಲಿ ಲಂಗರು ಹಾಕಿತ್ತು. ಭಾರತೀಯ ನಾವಿಕರೂ ಅದರಲ್ಲಿದ್ದರು. ಬಿರುಗಾಳಿಯಲ್ಲಿ ಅದು ಕಳೆದುಕೊಂಡ ಲಂಗರುಗಳು 1974ರಲ್ಲಿ ಸಿಕ್ಕವು. ಒಂದು ಟೆ ಪಾಪಾದಲ್ಲೇ ಇದೆ. 1820ರಲ್ಲಿ ಮರದ ದಿಮ್ಮಿಗಾಗಿ ಬಂದ ಬ್ರಿಟಿಷ್ ಹಡಗಿನ ಹೆಸರು ಕೋರಮಂಡಲ್. ತಮಿಳು ಕರಾವಳಿಯ ಆ ಹೆಸರು ನ್ಯೂಜಿಲೆಂಡಿನ ಪರ್ಯಾಯ ದ್ವೀಪವೊಂದಕ್ಕೆ ಹಾಗೆಯೇ ಅಂಟಿಕೊಂಡಿತು. ಕೊಲೆನ್ಸೊ ಗಂಟೆ ಕಾಣುವ ಹೊತ್ತಿಗೆ ಇಂಥ ಸಂಚಾರ ಶುರುವಾಗಿ 60 ವರ್ಷ ದಾಟಿತ್ತು. ನಮ್ಮ ಅಭಿಪ್ರಾಯದಲ್ಲಿ ಗಂಟೆ ಬಂದಿರುವುದು ಬಹುಶಃ ಈ ದಾರಿಯಲ್ಲೇ. ಕುಕ್‌ಗಿಂತ ಹಿಂದಕ್ಕೆ ಒಯ್ಯುವವರು ಮರದ ಬೇರಿನ ಕಥೆಗಿಂತ ಗಟ್ಟಿಯಾದ ಆಧಾರ ತರಬೇಕು.

ಮುಂದೆ ಈ ಗಂಟೆಯ ಬಗ್ಗೆ ಸುದ್ದಿ ಬಂದಾಗ ಓದುಗರು ಮೂರು ಕಾಲಗಳನ್ನು ಬೇರೆ ಬೇರೆಯಾಗಿ ಕೇಳಲಿ: ಲಿಪಿಯ ಕಾಲ ಯಾವುದು, ಎರಕದ ಕಾಲ ಯಾವುದು, ದಡ ಮುಟ್ಟಿದ ಕಾಲ ಯಾವುದು. ಮೂರನ್ನೂ ಒಂದೇ ಎಂದು ಬರೆದಿದ್ದರೆ ನಂಬಬೇಡಿ.