ಮಗು ಓದುವುದನ್ನು ಕೇಳಿಸಿಕೊಳ್ಳದ ಪರೀಕ್ಷೆ

ಐದನೇ ತರಗತಿಯ ಮಕ್ಕಳಿಗೆ ಪಬ್ಲಿಕ್ ಪರೀಕ್ಷೆ ಬೇಕೋ ಬೇಡವೋ ಎಂಬ ವ್ಯಾಜ್ಯ ಕರ್ನಾಟಕದಲ್ಲಿ 2022ರ ಡಿಸೆಂಬರ್‌ನಲ್ಲಿ ಹೊತ್ತಿಕೊಂಡಿತು. 2023ರ ಮಾರ್ಚ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಸರ್ಕಾರದ ಆದೇಶವನ್ನು ರದ್ದು ಮಾಡಿತು, ವಿಭಾಗೀಯ ಪೀಠ ಅವಕಾಶ ಕೊಟ್ಟಿತು, ಮಾರ್ಚ್ 27ರಂದು ಪರೀಕ್ಷೆ ಶುರುವಾಯಿತು. ಮರುವರ್ಷ 5, 8, 9 ಮತ್ತು 11ನೇ ತರಗತಿಗಳಿಗೆ ಅದೇ ಕಥೆ ಇನ್ನಷ್ಟು ಗೋಜಲಾಗಿ ನಡೆಯಿತು. 2024ರ ಮಾರ್ಚ್ 6ಕ್ಕೆ ರದ್ದು, 7ಕ್ಕೆ ಆ ತೀರ್ಪಿಗೆ ತಡೆ, 11ಕ್ಕೆ ಪರೀಕ್ಷೆ ಆರಂಭ, 12ಕ್ಕೆ ಸುಪ್ರೀಂ ಕೋರ್ಟಿನ ತಡೆ, 22ಕ್ಕೆ ವಿಭಾಗೀಯ ಪೀಠದ ಒಪ್ಪಿಗೆ, ಕೊನೆಗೆ ಏಪ್ರಿಲ್ 8ರಂದು ಫಲಿತಾಂಶ ಪ್ರಕಟಿಸದಂತೆ ಮತ್ತೆ ಸುಪ್ರೀಂ ಕೋರ್ಟಿನ ಆದೇಶ. ಹತ್ತು ವರ್ಷದ ಮಕ್ಕಳು ಅರ್ಧ ಪರೀಕ್ಷೆ ಬರೆದು, ಉಳಿದದ್ದು ಇದೆಯೋ ಇಲ್ಲವೋ ಎಂದು ತಿಳಿಯದೆ ದಿನ ಕಳೆದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ, 5 ಮತ್ತು 8ರಲ್ಲಿ ಮರುಪರೀಕ್ಷೆಯಲ್ಲೂ ತೇರ್ಗಡೆಯಾಗದ ಮಕ್ಕಳನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳಲು ದಾರಿ ಮಾಡಿಕೊಟ್ಟಿತು. ಈ ಜಗ್ಗಾಟದಲ್ಲಿ ವಾದವೆಲ್ಲ ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್‌ಗಳ ಸುತ್ತ, ಸರ್ಕಾರದ ಅಧಿಕಾರವ್ಯಾಪ್ತಿಯ ಸುತ್ತ ತಿರುಗಿತು. ಈ ಪರೀಕ್ಷೆ ಮಗುವಿನ ಬಗ್ಗೆ ನಮಗೆ ಏನನ್ನು ತಿಳಿಸುತ್ತದೆ ಎಂದು ಕೇಳಿದವರು ಕಡಿಮೆ. ನನ್ನ ತಕರಾರು ಇರುವುದು ಅಲ್ಲಿಯೇ. ಪ್ರಾಥಮಿಕ ಶಾಲೆ ಕಲಿಸಲೇಬೇಕಾದದ್ದು ಓದು, ಬರಹ ಮತ್ತು ಮಾತು. ಇವುಗಳಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ಲಿಖಿತ ಪರೀಕ್ಷೆ ಮುಟ್ಟುವುದೇ ಇಲ್ಲ, ನಡುವಿನದ್ದನ್ನು ಅದು ಕೆಡಿಸುತ್ತದೆ.

ಮಕ್ಕಳಿಗೆ ಓದಲು ಬರುವುದಿಲ್ಲ ಎಂದು ನಾಡಿಗೆ ಗೊತ್ತಾದದ್ದು ಯಾವ ಪರೀಕ್ಷಾ ಮಂಡಳಿಯಿಂದಲೂ ಅಲ್ಲ. 2005ರಿಂದ ಪ್ರಕಟವಾಗುತ್ತಿರುವ ಅಸರ್ ವರದಿಯಿಂದ ಅದು ಗೊತ್ತಾಯಿತು. ಅದರ ವಿಧಾನ ಬಹಳ ಸರಳ. ಸಮೀಕ್ಷೆಯವರು ಮನೆಗೆ ಹೋಗಿ ಮಗುವಿನ ಪಕ್ಕ ಕೂರುತ್ತಾರೆ, ಒಂದು ಹಾಳೆ ಕೊಡುತ್ತಾರೆ. ಅದರಲ್ಲಿ ಬಿಡಿ ಅಕ್ಷರಗಳಿವೆ, ಚಿಕ್ಕ ಪದಗಳಿವೆ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲಿದೆ, ಎರಡನೇ ತರಗತಿ ಮಟ್ಟದ ಪುಟ್ಟ ಕಥೆಯಿದೆ. ಮಗು ಗಟ್ಟಿಯಾಗಿ ಓದುತ್ತದೆ, ದೊಡ್ಡವರು ಕೇಳಿಸಿಕೊಳ್ಳುತ್ತಾರೆ, ಅಷ್ಟೇ. ಹೀಗೆ ಕೇಳಿಸಿಕೊಂಡಾಗ 2022ರಲ್ಲಿ ಕರ್ನಾಟಕದ ಹಳ್ಳಿಗಳ ಐದನೇ ತರಗತಿ ಮಕ್ಕಳಲ್ಲಿ ಆ ಎರಡನೇ ತರಗತಿಯ ಕಥೆಯನ್ನು ಓದಬಲ್ಲವರು ಸುಮಾರು ಮೂರರಲ್ಲಿ ಒಬ್ಬರು ಮಾತ್ರ ಎಂದು ತಿಳಿಯಿತು. ಕೊರೊನಾದಿಂದ ಕಿರಿಯ ತರಗತಿಗಳು 2020ರ ಮಾರ್ಚ್‌ನಿಂದ 2021ರ ಅಕ್ಟೋಬರ್‌ವರೆಗೆ ಮುಚ್ಚಿದ್ದವು, ಈ ಮಕ್ಕಳ ಮೂರನೇ ತರಗತಿ ಪೂರ್ತಿ ಮನೆಯಲ್ಲೇ ಕಳೆದಿತ್ತು ಎನ್ನುವುದು ನಿಜ. ಆದರೆ ಅದಕ್ಕೆ ಮುಂಚೆ, 2018ರಲ್ಲೂ, ಈ ಪ್ರಮಾಣ ಅರ್ಧವನ್ನು ಮುಟ್ಟಿರಲಿಲ್ಲ. ಆ ವರ್ಷಗಳಲ್ಲಿ ಶಾಲೆಗಳಲ್ಲಿ ಪರೀಕ್ಷೆಗಳೇ ಇರಲಿಲ್ಲವೇ? ಇದ್ದವು. ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು ನಡೆಯುತ್ತಿದ್ದವು, ಅಂಕಗಳು ದಾಖಲಾಗುತ್ತಿದ್ದವು, ಶ್ರೇಣಿಗಳು ಪ್ರಗತಿಪತ್ರದಲ್ಲಿ ಏರುತ್ತಿದ್ದವು. ಅಷ್ಟೆಲ್ಲ ಕಾಗದದ ನಡುವೆ ಒಂದು ಕಥೆಯನ್ನು ಓದಲಾಗದ ಮಗು ಕಾಣದೆ ಹೋಯಿತು. ಹಾಗಿರುವಾಗ ಪ್ರಶ್ನೆಪತ್ರಿಕೆಯನ್ನು ಶಾಲೆಯ ಬದಲು ಬೆಂಗಳೂರಿನಲ್ಲಿ ತಯಾರಿಸಿದ ಮಾತ್ರಕ್ಕೆ ಆ ಮಗು ಕಾಣುತ್ತದೆ ಎಂದು ನಂಬುವುದಕ್ಕೆ ಆಧಾರವಿಲ್ಲ.

ಓದು ಎಲ್ಲಿ ಮುರಿದುಬೀಳುತ್ತದೆ ಎಂಬುದು ನುರಿತ ಶಿಕ್ಷಕರಿಗೆ ಗೊತ್ತು, ಮತ್ತು ಅದು ಐದನೇ ತರಗತಿಯಲ್ಲಿ ಅಲ್ಲ. ಕನ್ನಡದ ವರ್ಣಮಾಲೆಯಲ್ಲಿ 49 ಅಕ್ಷರಗಳಿವೆ ಎಂದು ನಾವು ಹೇಳುತ್ತೇವೆ, ಆದರೆ ಓದುವ ಮಗುವಿನ ಎದುರಿಗಿರುವುದು 49 ಅಲ್ಲ. ಪ್ರತಿ ವ್ಯಂಜನಕ್ಕೂ ಕಾಗುಣಿತವಿದೆ, ಕಾಗುಣಿತದ ಮೇಲೆ ಒತ್ತಕ್ಷರಗಳಿವೆ, ಎಲ್ಲ ಸೇರಿ ನೂರಾರು ರೂಪಗಳಾಗುತ್ತವೆ. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಅವರು ನಡೆಸಿದ ಅಧ್ಯಯನಗಳು ತೋರಿಸಿಕೊಟ್ಟಂತೆ, ಈ ಅಕ್ಷರಜ್ಞಾನ ಒಂದೆರಡು ವರ್ಷದಲ್ಲಿ ಮುಗಿಯುವುದಿಲ್ಲ, ಪ್ರಾಥಮಿಕ ಶಾಲೆಯ ಹಲವು ತರಗತಿಗಳುದ್ದಕ್ಕೂ ನಿಧಾನವಾಗಿ ಬೆಳೆಯುತ್ತದೆ. ನಲಿಕಲಿ ಇದನ್ನು ಅರಿತಿತ್ತು. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಮೊಳೆತು, 2009ರ ಹೊತ್ತಿಗೆ ರಾಜ್ಯದ ಕನ್ನಡ ಶಾಲೆಗಳಿಗೆ ಹರಡಿದ ಆ ಪದ್ಧತಿ, ಅ ಆ ಇ ಈ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂದು ಆರಂಭಿಸಿತು. ಐದು ಅಕ್ಷರ ಕಲಿಯುತ್ತಿದ್ದಂತೆ ಮಗು ಸರ, ಅರಸ, ಅಗಸ, ಗರಗಸ ಎಂದು ಓದಿಬಿಡಬಹುದು. ಕಲಿಕಾ ಏಣಿ, ಮೈಲಿಗಲ್ಲು, ತಟ್ಟೆ ಗುಂಪುಗಳು ಇವೆಲ್ಲ ಇದ್ದದ್ದು ಪ್ರತಿ ಮಗು ತನ್ನ ವೇಗದಲ್ಲಿ ಹತ್ತಲಿ ಎಂದು. ಸುಲಭ ಪದಗಳ ಈ ಹಂತವನ್ನು ಬಹುಪಾಲು ಮಕ್ಕಳು ದಾಟುತ್ತಾರೆ, ಎಡವುವುದು ಮುಂದೆ. ಹ್ರಸ್ವ ದೀರ್ಘ ಗುರುತಿಸುವಲ್ಲಿ, 'ಅಕ್ಕ'ನನ್ನು 'ಅಕ' ಎಂದು ಓದುವಲ್ಲಿ, ಸಾಲಿನ ಕೊನೆಗೆ ಬರುವಷ್ಟರಲ್ಲಿ ಸಾಲಿನ ಆರಂಭ ಮರೆತುಹೋಗುವಲ್ಲಿ. ಎರಡನೇ, ಮೂರನೇ ತರಗತಿಯ ಈ ಜಾಗದಲ್ಲಿ ಯಾರಾದರೂ ಪಕ್ಕದಲ್ಲಿ ಕೂತು ಕೇಳಿಸಿಕೊಂಡರೆ ದೋಷ ಆ ಕ್ಷಣವೇ ತಿಳಿಯುತ್ತದೆ. ಕೇಳಿಸಿಕೊಳ್ಳದೆ ಹೋದರೆ ಮಗು ಪಾಠವನ್ನು ಬಾಯಿಪಾಠ ಮಾಡಿಕೊಂಡು ಓದಿದಂತೆ ಒಪ್ಪಿಸುತ್ತದೆ. ಬೆರಳು ಒಂದು ಪದದ ಮೇಲಿರುತ್ತದೆ, ಬಾಯಿ ಮೂರು ಪದ ಮುಂದಿರುತ್ತದೆ. ನಡುಸಾಲಿನ ಒಂದು ಪದ ತೋರಿಸಿ ಇದೇನು ಎಂದು ಕೇಳಿದರೆ ಮಗು ಸುಮ್ಮನಾಗುತ್ತದೆ.

ಬರಹದ ಸ್ಥಿತಿ ಇದಕ್ಕಿಂತ ಕಳವಳಕಾರಿ, ಏಕೆಂದರೆ ಅಲ್ಲಿ ನೋಟ್‌ಬುಕ್ಕೇ ನಮ್ಮನ್ನು ತಪ್ಪುದಾರಿಗೆಳೆಯುತ್ತದೆ. ನಮ್ಮ ಬಹಳಷ್ಟು ತರಗತಿಗಳಲ್ಲಿ ಬರೆಯುವುದು ಎಂದರೆ ಕಪ್ಪುಹಲಗೆಯಿಂದ ನಕಲು ಮಾಡುವುದು. ಪಾಠದ ಕೊನೆಯ ಪ್ರಶ್ನೆಗಳಿಗೆ ಉತ್ತರವನ್ನು ಹಲಗೆಯ ಮೇಲೆ ಬರೆಯಲಾಗುತ್ತದೆ, ಮಕ್ಕಳು ಇಳಿಸಿಕೊಳ್ಳುತ್ತಾರೆ, ಕೆಂಪು ಶಾಯಿಯ ಸರಿ ಗುರುತು ಬೀಳುತ್ತದೆ. ನಕಲು ಮಾಡುವ ಮಕ್ಕಳ ತಲೆಯನ್ನು ಸ್ವಲ್ಪ ಹೊತ್ತು ಗಮನಿಸಿದರೆ ಸಾಕು. ಓದಲು ಬರುವ ಮಗು ಒಮ್ಮೆ ತಲೆಯೆತ್ತಿ ಮೂರು ನಾಲ್ಕು ಪದ ಹಿಡಿದು ಬಗ್ಗಿ ಬರೆಯುತ್ತದೆ. ಓದಲು ಬಾರದ ಮಗು ಒಂದೊಂದು ಅಕ್ಷರಕ್ಕೂ ತಲೆಯೆತ್ತುತ್ತದೆ. ಕೊಂಬು, ದೀರ್ಘ, ಒತ್ತು ಎಲ್ಲವನ್ನೂ ಚಿತ್ರ ಬಿಡಿಸಿದಂತೆ ಇಳಿಸುತ್ತದೆ. ಇಬ್ಬರ ನೋಟ್‌ಬುಕ್ಕೂ ಒಂದೇ ರೀತಿ ಇರುತ್ತದೆ, ಎಷ್ಟೋ ಸಲ ಎರಡನೆಯದರ ಕೈಬರಹವೇ ಹೆಚ್ಚು ಅಂದವಾಗಿರುತ್ತದೆ. ತಾನೇ ಬರೆದ ಆ ಪುಟವನ್ನು ಆ ಮಗು ಓದಲಾರದು. ಪಬ್ಲಿಕ್ ಪರೀಕ್ಷೆ ಬಂದರೆ ಈ ನಕಲಿನ ದಂಧೆ ಇನ್ನಷ್ಟು ಬಿಗಿಯಾಗುತ್ತದೆ. ಮಾದರಿ ಪ್ರಶ್ನೆಪತ್ರಿಕೆ, ಪ್ರಶ್ನೆಕೋಠಿ, ಗೈಡುಗಳು ನಾಲ್ಕನೇ ತರಗತಿಗೇ ಇಳಿಯುತ್ತವೆ, ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ತಿಂಗಳುಗಳು ಉತ್ತರ ಉರುಹೊಡೆಯಲು ಮೀಸಲಾಗುತ್ತವೆ. ನಿನ್ನೆಯ ಜಾತ್ರೆಯ ಬಗ್ಗೆ ಸ್ವಂತವಾಗಿ ಮೂರು ವಾಕ್ಯ ಬರೆ, ಕಾಗುಣಿತ ತಪ್ಪಿದರೂ ಪರವಾಗಿಲ್ಲ ಎಂದು ಹೇಳುವ ಧೈರ್ಯ ಅಂಥ ವಾತಾವರಣದಲ್ಲಿ ಯಾವ ಶಿಕ್ಷಕಿಗೆ ಉಳಿದೀತು?

ಇನ್ನು ಮಾತು. ಓದು ಬರಹಗಳ ಬಗ್ಗೆ ಆಗುವ ಚರ್ಚೆಯ ಹತ್ತರಲ್ಲಿ ಒಂದು ಪಾಲೂ ಇದರ ಬಗ್ಗೆ ಆಗುವುದಿಲ್ಲ. ಶಿಸ್ತಿನ ತರಗತಿ ಎಂದರೆ ಸದ್ದಿಲ್ಲದ ತರಗತಿ ಎಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ಮಗುವಿಗೆ ಸಿಗುವ ಮಾತಿನ ಅವಕಾಶವೆಂದರೆ ಎಲ್ಲರ ಜೊತೆ ಒಕ್ಕೊರಲಿನಲ್ಲಿ 'ಹೌದು ಮಿಸ್' ಎನ್ನುವುದು, ಇಲ್ಲವೇ ಒಂದು ಪದದ ಉತ್ತರ ಕೊಡುವುದು. ಆದರೆ ಪಠ್ಯವನ್ನು ಅರ್ಥಮಾಡಿಕೊಳ್ಳುವ ಶಕ್ತಿ ಬರುವುದು ಮಾತಿನ ಸಂಪತ್ತಿನಿಂದ. ಅಕ್ಷರ ಕೂಡಿಸಿ ಗರಗಸ ಎಂದು ಓದಿದ ಮಗುವಿಗೆ ಗರಗಸ ಎಂದರೇನೆಂದು ಗೊತ್ತಿದ್ದರೆ ಮಾತ್ರ ಅದು ಓದು. ಕರ್ನಾಟಕದ ತರಗತಿಗಳಲ್ಲಿ ತುಳು, ಕೊಂಕಣಿ, ಲಂಬಾಣಿ, ಉರ್ದು, ತೆಲುಗು, ಮರಾಠಿ ಮನೆಮಾತಿನ ಮಕ್ಕಳು ಕನ್ನಡ ಪುಸ್ತಕ ಹಿಡಿದು ಕೂತಿದ್ದಾರೆ. ಕನ್ನಡವೇ ಮನೆಮಾತಾದವರಿಗೂ ಪುಸ್ತಕದ ಕನ್ನಡ ಹೊಸದು. ಕಲಬುರಗಿಯ ಹುಡುಗಿ 'ಊಟ ಮಾಡ್ಲಿಕತ್ತೀನ್ರಿ' ಎಂದಾಗ ಅದನ್ನು ತಪ್ಪು ಎಂದು ತಿದ್ದಿದರೆ ಅವಳು ಮುಂದಿನ ಸಲ ಬಾಯಿ ಬಿಡುವುದಿಲ್ಲ. ಅವಳ ವಾಕ್ಯವನ್ನು ಹಾಗೆಯೇ ಹಲಗೆಯ ಮೇಲೆ ಬರೆದು ಓದಿಸಿ, ಪಕ್ಕದಲ್ಲಿ ಪುಸ್ತಕದ ರೂಪವನ್ನೂ ಬರೆದರೆ ಅವಳಿಗೆ ಎರಡೂ ದಕ್ಕುತ್ತವೆ. ಕಥೆ ಹೇಳಿಸುವುದು, ಒಗಟು ಬಿಡಿಸುವುದು, ಸಂತೆಯಲ್ಲಿ ಕಂಡದ್ದನ್ನು ವಿವರಿಸುವುದು ಇವನ್ನು ಪಾಠದ ನಡುವಿನ ಬಿಡುವಿನ ಆಟವೆಂದು ಭಾವಿಸಿರುವುದರಿಂದಲೇ ನಮ್ಮ ಓದು ಸೊರಗಿದೆ. ಯಾವ ಲಿಖಿತ ಪ್ರಶ್ನೆಪತ್ರಿಕೆಯೂ ಇದನ್ನು ಅಳೆಯಲಾರದು, ಮತ್ತು ಅಳೆಯದ್ದನ್ನು ಶಾಲೆಗಳು ಕಲಿಸುವುದನ್ನು ಬಿಡುತ್ತವೆ.

ಪರೀಕ್ಷೆಯ ಪರವಾಗಿರುವವರಲ್ಲಿ ಹಲವರು ಮಕ್ಕಳ ಬಗ್ಗೆ ನಿಜವಾದ ಕಾಳಜಿ ಇರುವವರೇ, ಅವರ ಮಾತಿಗೆ ಉತ್ತರ ಕೊಡಬೇಕು. ಯಾರನ್ನೂ ಅನುತ್ತೀರ್ಣಗೊಳಿಸುವುದಿಲ್ಲ, ಇದು ಬರಿಯ ಮೌಲ್ಯಾಂಕನ ಎಂದು ಸರ್ಕಾರ ಹೇಳಿತ್ತು. ಹಾಗಿದ್ದಲ್ಲಿ ರಾಜ್ಯಮಟ್ಟದ ಒಂದೇ ಪ್ರಶ್ನೆಪತ್ರಿಕೆ, ಬೇರೆಡೆ ಮೌಲ್ಯಮಾಪನ, ಮಾರ್ಚ್ ಕೊನೆಯ ವೇಳಾಪಟ್ಟಿ ಏಕೆ? ಮಾರ್ಚ್‌ನಲ್ಲಿ ತಿಳಿದ ಕೊರತೆಯನ್ನು ತುಂಬಲು ಆ ವರ್ಷದಲ್ಲಿ ದಿನಗಳೇ ಉಳಿದಿರುವುದಿಲ್ಲ, ಜೂನ್‌ನಲ್ಲಿ ಮಗು ಬೇರೆ ತರಗತಿಯಲ್ಲಿ, ಎಷ್ಟೋ ಕಡೆ ಬೇರೆ ಶಾಲೆಯಲ್ಲಿರುತ್ತದೆ. ಇನ್ನು ಕೆಲವರು ನೇರವಾಗಿಯೇ ಹೇಳುತ್ತಾರೆ, ಅನುತ್ತೀರ್ಣಗೊಳಿಸದ ನೀತಿಯಿಂದಲೇ ಓದು ಹಾಳಾಯಿತು, ಭಯ ಇದ್ದರೆ ಮಕ್ಕಳು ಓದುತ್ತಾರೆ ಎಂದು. ಮಗು ಓದದೆ ಇರುವುದು ಸೋಮಾರಿತನದಿಂದಲ್ಲ, ಓದುವುದನ್ನು ಅದಕ್ಕೆ ಕಲಿಸಿಲ್ಲದ ಕಾರಣ. ಕಲಿಸದ ರೀತಿಯಲ್ಲೇ ಇನ್ನೊಂದು ವರ್ಷ ಅದೇ ಕೋಣೆಯಲ್ಲಿ ಕೂರಿಸಿದರೆ ಆಗುವುದು ಒಂದೇ, ಹನ್ನೊಂದು ವರ್ಷದ ಹುಡುಗ ಹತ್ತು ವರ್ಷದವರ ನಡುವೆ ನಾಚಿಕೊಂಡು ಶಾಲೆ ಬಿಡುವುದು. ಬಡವರ ಮನೆಯ ಹೆಣ್ಣುಮಕ್ಕಳಿಗೆ ಇದು ಇನ್ನೂ ಬೇಗ ಆಗುತ್ತದೆ. 2024ರ ಎಸ್ಸೆಸ್ಸೆಲ್ಸಿಯನ್ನೂ ಮುಂದಿಡಲಾಗುತ್ತದೆ. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ ಆ ವರ್ಷ ಫಲಿತಾಂಶ ಕುಸಿದು, ಕೃಪಾಂಕವನ್ನು ಹೆಚ್ಚಿಸಿದ ಮೇಲೂ ಶೇ. 73.40ಕ್ಕೆ ನಿಂತಿತು. ಕೆಳಗಿನ ತರಗತಿಗಳಿಂದಲೇ ಪಬ್ಲಿಕ್ ಪರೀಕ್ಷೆ ಅಭ್ಯಾಸವಾಗಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುವುದು ವಾದ. ನನಗೆ ಅದು ತದ್ವಿರುದ್ಧವಾಗಿ ಕಾಣುತ್ತದೆ. ಅಷ್ಟು ವರ್ಷಗಳ ಪಬ್ಲಿಕ್ ಪರೀಕ್ಷೆಯೇ ಹತ್ತನೇ ತರಗತಿಯ ಮಕ್ಕಳ ನಿಜವಾದ ಸ್ಥಿತಿಯನ್ನು ಮುಚ್ಚಿಟ್ಟಿತ್ತು ಎಂಬುದನ್ನು ಆ ಕ್ಯಾಮೆರಾಗಳು ತೋರಿಸಿಕೊಟ್ಟವು. ಅದೇ ಸಾಧನವನ್ನು ಹತ್ತು ವರ್ಷದ ಮಕ್ಕಳಿಗೆ ಇಳಿಸುವುದರಿಂದ ಮುಚ್ಚಿಡುವ ಕೆಲಸ ಐದು ವರ್ಷ ಮೊದಲೇ ಶುರುವಾಗುತ್ತದೆ.

ಆದರೂ ಒಂದು ಆಕ್ಷೇಪವನ್ನು ತಳ್ಳಿಹಾಕಲಾಗದು, ಅದು ಹೊಣೆಗಾರಿಕೆಯದು. ಪರೀಕ್ಷೆ ಇಲ್ಲದಿದ್ದರೆ ಶಾಲೆ ಯಾರಿಗೆ ಲೆಕ್ಕ ಕೊಡುತ್ತದೆ? ನಿರಂತರ ಮೌಲ್ಯಮಾಪನ ಎಂಬುದು ಬಹಳಷ್ಟು ಕಡೆ ಫಾರಂ ತುಂಬುವ ಕೆಲಸವಾಗಿ ಮುಗಿದಿದೆ ಎಂಬುದೂ ಸತ್ಯ. ಲೆಕ್ಕ ಕೇಳಬೇಕು, ಅದನ್ನು ಮೂರನೇ ತರಗತಿಯಲ್ಲಿ ಕೇಳಬೇಕು, ಕಿವಿಯಿಂದ ಕೇಳಬೇಕು. ಕೇಂದ್ರದ ನಿಪುಣ್ ಭಾರತ್ ಯೋಜನೆ ಕೂಡ 2021ರಲ್ಲಿ ಇಟ್ಟುಕೊಂಡ ಗುರಿ ಐದನೇ ತರಗತಿಯದ್ದಲ್ಲ, 2026-27ರ ಹೊತ್ತಿಗೆ ಪ್ರತಿ ಮಗುವೂ ಮೂರನೇ ತರಗತಿ ಮುಗಿಸುವಾಗ ಅರ್ಥಮಾಡಿಕೊಂಡು ಓದಬೇಕೆಂಬುದು. ಮೂವತ್ತು ಮಕ್ಕಳ ತರಗತಿಯಲ್ಲಿ ಒಬ್ಬೊಬ್ಬರ ಓದನ್ನು ಮೂರು ನಿಮಿಷ ಕೇಳಿದರೆ ಒಟ್ಟು ಒಂದೂವರೆ ಗಂಟೆ. ದಿನಕ್ಕೆ ಐದು ಮಕ್ಕಳಂತೆ ಹಂಚಿಕೊಂಡರೆ ಕಾಲು ಗಂಟೆಯಲ್ಲಿ ಆ ದಿನದ ಕೆಲಸ ಮುಗಿಯುತ್ತದೆ, ಸೋಮವಾರದಿಂದ ಶನಿವಾರದೊಳಗೆ ಇಡೀ ತರಗತಿಯ ಓದು ಶಿಕ್ಷಕಿಯ ಕಿವಿಗೆ ಬಿದ್ದಿರುತ್ತದೆ. ನಂತರ ಮಾಡಬೇಕಾದದ್ದೂ ಗೊತ್ತಿರುವುದೇ. ತರಗತಿಯ ಹೆಸರಿಗಿಂತ ಮಗು ನಿಂತಿರುವ ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿ ಕಲಿಸಿದರೆ ಓದು ಸುಧಾರಿಸುತ್ತದೆ ಎಂಬುದನ್ನು ಉತ್ತರದ ರಾಜ್ಯಗಳಲ್ಲಿ ನಡೆದ ಪ್ರಯೋಗಗಳು ತೋರಿಸಿವೆ. ನಮ್ಮಲ್ಲೇ 4 ಮತ್ತು 5ನೇ ತರಗತಿಗೆ ಬಂದ 'ಓದು ಕರ್ನಾಟಕ' ಕಾರ್ಯಕ್ರಮ ಇದೇ ತತ್ವದ್ದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಮೂಲಕ 'ಓದುವ ಬೆಳಕು' ಮಕ್ಕಳ ಕೈಗೆ ಕಥೆಪುಸ್ತಕ ತಲುಪಿಸುವ ದಾರಿ ತೋರಿಸಿತು. ಒಂದು ಸರ್ಕಾರ ಆರಂಭಿಸಿದ್ದು ಮುಂದಿನ ವರ್ಷ ಹೊಸ ಹೆಸರಿನ ಇನ್ನೊಂದು ಕಾರ್ಯಕ್ರಮದ ಕೆಳಗೆ ಹೂತುಹೋಗುವುದು ನಮ್ಮ ಇಲಾಖೆಯ ಹಳೆಯ ರೋಗ, ಅದಕ್ಕೆ ಮಕ್ಕಳು ಬೆಲೆ ತೆರುತ್ತಿದ್ದಾರೆ.

ಶಿಕ್ಷಕರೇ ತಮ್ಮ ಮಕ್ಕಳ ಓದಿಗೆ ತಾವೇ ಪ್ರಮಾಣಪತ್ರ ಬರೆದುಕೊಂಡರೆ ಯಾರು ನಂಬುತ್ತಾರೆ ಎಂದು ಕೇಳಬಹುದು. ಶಾಲೆಗಳ ಪ್ರತಿ ಕ್ಲಸ್ಟರ್‌ಗೂ ಒಬ್ಬ ಸಿ.ಆರ್.ಪಿ. (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಇದ್ದಾರೆ. ಇಂದು ಅವರ ಶಾಲಾ ಭೇಟಿಯ ಹೆಚ್ಚಿನ ಹೊತ್ತು ದಾಖಲೆ ಪರಿಶೀಲನೆ, ಅಂಕಿಅಂಶ ಸಂಗ್ರಹ, ಆ್ಯಪ್‌ಗೆ ಮಾಹಿತಿ ತುಂಬುವುದರಲ್ಲಿ ಕಳೆಯುತ್ತದೆ. ಅವರು ಪ್ರತಿ ಭೇಟಿಯಲ್ಲಿ ಹಾಜರಿ ಪುಸ್ತಕದಿಂದ ಯಾದೃಚ್ಛಿಕವಾಗಿ ಐದು ಹೆಸರು ಆರಿಸಿ, ಮಕ್ಕಳು ಹಿಂದೆ ನೋಡಿರದ ಒಂದು ಕಥೆಪುಸ್ತಕ ಕೊಟ್ಟು ಓದಿಸಿ, ಕಥೆ ಏನೆಂದು ಅವರ ಮಾತಿನಲ್ಲೇ ಹೇಳಿಸಿ, ಅದರ ಬಗ್ಗೆ ಎರಡು ವಾಕ್ಯ ಬರೆಸಿ ನೋಡಲಿ. ಒಂದು ಮಗುವಿನ ಓದು, ಮಾತು, ಬರಹ ಮೂರೂ ಹತ್ತು ನಿಮಿಷದಲ್ಲಿ ಕಣ್ಣೆದುರಿಗೆ ಬರುತ್ತವೆ. ಹಿಂದುಳಿದ ಶಾಲೆಗೆ ನೋಟಿಸ್ ಕಳಿಸುವ ಬದಲು ಅಲ್ಲಿ ಒಬ್ಬರೇ ಶಿಕ್ಷಕರು ಮೂರು ತರಗತಿ ಹಿಡಿದಿದ್ದಾರೆಯೇ, ಅತಿಥಿ ಶಿಕ್ಷಕರು ಆಗಸ್ಟ್‌ವರೆಗೂ ಬಂದಿರಲಿಲ್ಲವೇ, ನಲಿಕಲಿ ಕಾರ್ಡುಗಳು ಹರಿದು ಎಷ್ಟು ವರ್ಷವಾಯಿತು ಎಂದು ನೋಡಲಿ. ರಾಜ್ಯಮಟ್ಟದ ಪ್ರಶ್ನೆಪತ್ರಿಕೆ ಮುದ್ರಿಸಿ, ಸಾಗಿಸಿ, ಕಾವಲು ಹಾಕಿ, ತಿದ್ದಿಸುವುದಕ್ಕೆ ಬೇಕಾಗುವ ಹಣವನ್ನೂ ಸಿಬ್ಬಂದಿಯ ದಿನಗಳನ್ನೂ ಮುಂದಿನ ಜೂನ್‌ನಿಂದಲೇ ಈ ಕೆಲಸಕ್ಕೆ ತಿರುಗಿಸಬಹುದು. ಇದಕ್ಕೆ ಕಾಯ್ದೆಯ ತಿದ್ದುಪಡಿ ಬೇಕಿಲ್ಲ, ಯಾವ ನ್ಯಾಯಾಲಯದ ಅನುಮತಿಯೂ ಬೇಕಿಲ್ಲ.