ಬಾಗಿಲ ಬಳಿ ಒಂದು ಬಟ್ಟೆ ಚೀಲ

ಹುಬ್ಬಳ್ಳಿಯ ನಮ್ಮ ಕೇಶ್ವಾಪುರದ ಪಕ್ಕದಲ್ಲೇ ಬೆಂಗೇರಿ. 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿ ಖಾದಿ ರಾಷ್ಟ್ರಧ್ವಜ ಸಿದ್ಧಪಡಿಸುತ್ತದೆ. ಇಂಥ ನೆರೆಯಿದ್ದೂ ಇಲ್ಲಿನ ಸಂಜೆಯ ಕಾಯಿಪಲ್ಲೆ ತೆಳು ಪ್ಲಾಸ್ಟಿಕ್ ಚೀಲದಲ್ಲಿ ಮನೆ ಸೇರಿದರೆ ನೋವಾಗುತ್ತದೆ.

ರಾಜ್ಯ ಸರ್ಕಾರ 2016ರಲ್ಲೇ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿತು. 2022ರ ಡಿಸೆಂಬರ್ 31ರಿಂದ ದೇಶದಾದ್ಯಂತ 120 ಮೈಕ್ರಾನ್‌ಗಿಂತ ತೆಳುವಾದ ಚೀಲಗಳಿಗೆ ಅವಕಾಶವಿಲ್ಲ. ಕಾಯ್ದೆ ಅಂಗಡಿಯವರಿಗೆ ದಂಡ ಹಾಕಬಲ್ಲದು. ಕೊಳ್ಳುವವರು ಬರಿಗೈಯಲ್ಲಿ ಬರುವುದನ್ನು ತಡೆಯಲಾರದು. ಹಳೆಯ ಸೀರೆ, ಧೋತರದ ತುಂಡಿನಿಂದ ಹೊಲಿದ ಚೀಲವೊಂದು ಬಾಗಿಲ ಬಳಿ ತೂಗುತ್ತಿದ್ದರೆ ಸಾಕು. ಇದು ಆರೋಗ್ಯದ ಮಾತೂ ಹೌದು: ಎಸೆದ ಚೀಲ, ಲೋಟಗಳಲ್ಲಿ ನಿಂತ ಮಳೆನೀರಿನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುತ್ತದೆ.

ಊಟದ ವಿಷಯದಲ್ಲಿ ಈ ಭಾಗದವರಿಗೆ ಹೊರಗಿನ ಪಾಠ ಬೇಕಿಲ್ಲ. ಹಿಂಗಾರಿ ಬಿಳಿಜೋಳ ಎರೆಮಣ್ಣಿನಲ್ಲಿ ಉಳಿದ ಹಸಿಯಲ್ಲೇ ಬೆಳೆಯುತ್ತದೆ, ಭತ್ತದಷ್ಟು ನೀರು ಕೇಳುವುದಿಲ್ಲ. ಪಾಲಿಶ್ ಮಾಡಿದ ಅಕ್ಕಿಗಿಂತ ಅದರಲ್ಲಿ ನಾರಿನಂಶವೂ ಹೆಚ್ಚು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಆಚರಿಸುವ ಎಷ್ಟೋ ಮೊದಲೇ ಇಲ್ಲಿನ ತಾಯಂದಿರು ರೊಟ್ಟಿ ಬಡಿಯುತ್ತಿದ್ದರು. ಆ ರೊಟ್ಟಿ ಮಕ್ಕಳ ಡಬ್ಬಿಗೂ ಮರಳಬೇಕು, ಜೊತೆಗೆ ಗುರೆಳ್ಳು ಚಟ್ನಿ, ಹಸಿ ಮೆಂತ್ಯೆ.

ಇನ್ನು ಓಡಾಟ. ಓಣಿಯ ಕಿರಾಣಿ ಅಂಗಡಿಗೆ ಸ್ಕೂಟರ್ ಬೇಡ. ಧಾರವಾಡಕ್ಕೆ ಹೋಗುವವರಿಗೆ ಪ್ರತ್ಯೇಕ ಪಥದ ಚಿಗರಿ ಬಸ್ ಇದೆ. ಒಬ್ಬರೇ ಹೊರಟ ದಿನವಾದರೂ ಕಾರು ಮನೆಯಲ್ಲೇ ಇರಲಿ.